ಸೋರದ ಡಬ್ಬಿ

ಅಕ್ಕನ ಮಗಳು ಹುಟ್ಟಿದ ದಿನವೇ ಅವಳನ್ನು ಅಕ್ಕನ ಪಕ್ಕದಿಂದ ಎತ್ತಿಕೊಂಡು ಹೋಗಿ ಹೊಟ್ಟೆ ಕೊಯ್ದರು. ಕರುಳಿನಲ್ಲಿ ಒಂದು ಕಡೆ ದಾರಿಯೇ ಇರಲಿಲ್ಲವಂತೆ. ಮುಚ್ಚಿಕೊಂಡಿದ್ದ ತುಂಡನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು. ಡಾಕ್ಟರು ಹೊರಗೆ ಬಂದವರೇ ಜೇಬಿನಿಂದ ಪೆನ್ನು ತೆಗೆದು, ಅದನ್ನು ಬಿಚ್ಚಿ, ಒಳಗಿನ ರೀಫಿಲ್ಲನ್ನು ನಮ್ಮ ಮುಂದೆ ಹಿಡಿದರು.

"ಇದಕ್ಕಿಂತ ಚೂರು ದಪ್ಪ. ಅಷ್ಟೇ," ಅಂದರು.

ನಾನು ಹೊಲಿಗೆ ಕೆಲಸದವಳು. ಶಾಲೆ ಬಿಟ್ಟಾಗಿನಿಂದ ದಿಂಬು, ಹಾಸಿಗೆಗಳ ಕವರು ಹೊಲಿಯುವ ಅಂಗಡಿಯಲ್ಲಿದ್ದೇನೆ. ಬಟ್ಟೆಯಲ್ಲಿ ಸಣ್ಣ ಲಾಡಿ ಹೊಲಿದು ಮಗುಚುವುದೇ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಸೂಜಿ ಒಂದೆಳೆ ಆಚೆ ಹೋದರೆ ಎರಡು ಪದರವೂ ಸೇರಿ ಹೊಲಿಗೆ ಬಿದ್ದು ಬಾಯಿ ಕಟ್ಟಿಕೊಳ್ಳುತ್ತದೆ, ಈಚೆ ಬಂದರೆ ಬಿಟ್ಟುಕೊಳ್ಳುತ್ತದೆ. ಅವರು ಹೊಲಿದದ್ದು ಬಟ್ಟೆಯಲ್ಲ, ಉಸಿರಾಡುವ ಕೂಸಿನ ಒಳಗು. ನಾನು ಡಾಕ್ಟರ ಮುಖ ನೋಡಲಿಲ್ಲ, ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಎಲ್ಲರ ಬೆರಳುಗಳ ಹಾಗೆಯೇ ಇದ್ದವು. ಒಂದು ಉಗುರಿನ ಪಕ್ಕ ಸಿಪ್ಪೆ ಕೂಡ ಎದ್ದಿತ್ತು.

"ಹೊಲಿಗೆ ಸೋರಬಾರದು. ಹಾಗಂತ ಮುಚ್ಕೋಬಾರದು ಕೂಡ," ಎಂದರು ಅವರು. "ಸರಿಯಾಗಿದೆಯೋ ಇಲ್ವೋ ಅಂತ ನಾನು ಹೇಳಕ್ಕಾಗಲ್ಲ. ಅವಳೇ ಹೇಳ್ಬೇಕು."

"ಅವಳು ಹೇಗೆ ಹೇಳ್ತಾಳೆ ಡಾಕ್ಟ್ರೇ?" ಎಂದು ಭಾವ ಕೇಳಿದರು.

"ಕಕ್ಕ ಮಾಡಿ."

ಭಾವ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದರು. ಡಾಕ್ಟರು ನಗಲಿಲ್ಲ. ಅಲ್ಲಿಯವರೆಗೆ ಹಾಲಿಲ್ಲ, ಎಲ್ಲ ಸೂಜಿಯಿಂದಲೇ. ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೂ ಸದ್ಯಕ್ಕೆ ಬೇಡ. ಹೊಟ್ಟೆ ನಡೆಯದಿದ್ದರೆ ಮತ್ತೆ ಕೊಯ್ಯಬೇಕು. ಇಷ್ಟು ಸಣ್ಣ ದೇಹ ಎರಡನೇ ಸಲ ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಎಂದರು. ರೀಫಿಲ್ಲನ್ನು ಪೆನ್ನಿನೊಳಗೆ ಹಾಕಿ, ತಿರುಪಿ, ಹೊರಟುಹೋದರು.

ನನ್ನ ಭಾವ ಪ್ಲಾಸ್ಟಿಕ್ ಡ್ರಮ್ಮುಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ತಯಾರಾದ ಡ್ರಮ್ಮಿಗೆ ಮುಚ್ಚಳ ಬಿಗಿದು ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿಯುವುದು ಅವರ ಕೆಲಸ. ಎಲ್ಲಿಂದಾದರೂ ಒಂದು ಗುಳ್ಳೆ ಎದ್ದರೆ ಆ ಡ್ರಮ್ಮು ಸೋರುತ್ತದೆ ಎಂದೇ ಅರ್ಥ, ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಗುಳ್ಳೆ ಮೇಸ್ತ್ರಿ ಎನ್ನುತ್ತಾರೆ. ಮನೆಯಲ್ಲೂ ಅವರು ಹಾಗೆಯೇ. ಉಪ್ಪಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲವೆಂದರೆ ಊಟಕ್ಕೆ ಕುಳಿತವರು ಎದ್ದು ಹೋಗಿ ಬಿಗಿಮಾಡಿ ಬರುತ್ತಾರೆ.

ಆಸ್ಪತ್ರೆಯಲ್ಲಿ ಪೆಟ್ಟಿಗೆಯ ಹತ್ತಿರ ಇಬ್ಬರಿಗೆ ಮಾತ್ರ ಜಾಗ. ಅಕ್ಕ ಕದಲುತ್ತಲೇ ಇರಲಿಲ್ಲ. ಅವಳಿಗೆ ನೀರು ಕೊಡಲು, ಕೂದಲು ಬಾಚಲು ನಾನು. ಭಾವ ಹೊರಗೆ ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಲ್ಲುತ್ತಿದ್ದರು. ನಿಂತು ಸಾಕಾದಾಗ ಮನೆಗೆ ಹೋಗಿ ಪಾಪುವಿನ ಕೋಣೆಯಲ್ಲಿ ಏನಾದರೊಂದು ಮಾಡುತ್ತಿದ್ದರು. ಗೋಡೆಗೆ ಬಣ್ಣ ಆಯಿತು. ತೊಟ್ಟಿಲ ಮಂಚ ಜೋಡಿಸಿ, ಒಂದು ಸ್ಕ್ರೂ ಉಳಿಯಿತೆಂದು ಪೂರಾ ಬಿಚ್ಚಿ ಮತ್ತೆ ಜೋಡಿಸಿದರು. ಸ್ಕ್ರೂ ಮತ್ತೆ ಉಳಿಯಿತು. ಕಿಟಕಿಯ ಪರದೆ ನಾನು ಹೊಲಿದುಕೊಟ್ಟಿದ್ದೆ. ಮಾಡಲು ಇನ್ನೇನೂ ಉಳಿದಿರಲಿಲ್ಲ.

"ಗುಬ್ಬೀ, ನಡಿ," ಎಂದರು ಒಂದು ಮಧ್ಯಾಹ್ನ. ನನ್ನದು ಮಾತು ಕಡಿಮೆ ಎಂದು ಅವರು ನನಗಿಟ್ಟ ಹೆಸರು ಅದು, ಗುಬ್ಬಿಯೇನು ಕಡಿಮೆ ಮಾತಾಡುತ್ತದೆಯೋ ನನಗೆ ಗೊತ್ತಿಲ್ಲ. "ಡೈಪರ್ ಹಾಕೋ ಡಬ್ಬಿ ತರೋಣ. ನೀನು ಬಾಯಿ ಬಿಡಬೇಡ, ಕಣ್ಣು ಬಿಟ್ಟು ನೋಡು ಸಾಕು."

"ಅಕ್ಕ ಬೈತಾಳೆ ಭಾವ."

"ಅದಕ್ಕೇ ಬಾಯಿ ಬಿಡಬೇಡ ಅಂದಿದ್ದು."

ಮಕ್ಕಳ ಸಾಮಾನಿನ ಅಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿತ್ತು. ಒಳಗೆ ಕಾಲಿಟ್ಟ ನನಗೆ ಎತ್ತ ನೋಡಬೇಕೆಂದೇ ತಿಳಿಯಲಿಲ್ಲ. ಮನುಷ್ಯನ ಕೂಸೊಂದು ಭೂಮಿಯ ಮೇಲೆ ಮಲಗಿ, ಎದ್ದು, ಉಂಡು, ಕಕ್ಕ ಮಾಡಲು ಇಷ್ಟೆಲ್ಲ ಬೇಕೆ! ನನ್ನ ಹೆಬ್ಬೆರಳು ಕೂಡ ಹಿಡಿಸದ ಕಾಲುಚೀಲಗಳು. ಬೊಂಬೆಯದೆಂದು ನಾನು ಎತ್ತಿ ನೋಡಿದ ಬಾಚಣಿಗೆ ನಿಜವಾದದ್ದೇ. ಒಂದು ಗೋಡೆ ಪೂರ್ತಿ ಡೈಪರುಗಳು, ನೆಲದಿಂದ ಸೂರಿನವರೆಗೆ. ಹಾಗಾದರೆ ಈ ಬೀದಿಯ ಸುತ್ತಮುತ್ತಲ ಮನೆಗಳಲ್ಲಿ ಆ ಗೋಡೆಯನ್ನು ಖಾಲಿ ಮಾಡುವಷ್ಟು ಹೊಟ್ಟೆಗಳು ಸದ್ದಿಲ್ಲದೆ ನಡೆಯುತ್ತಿವೆ. ಯಾರೂ ಅದನ್ನೊಂದು ವಿಷಯವೆಂದು ಎಣಿಸುವುದಿಲ್ಲ. ಮೂಗು ಮುಚ್ಚಿಕೊಂಡು ಎಸೆಯುತ್ತಾರೆ. ನಮಗೆ ಅದರಲ್ಲಿ ಒಂದು ಸಾಕಾಗಿತ್ತು.

ಅಂಗಡಿಯಮ್ಮ ನಡುವಯಸ್ಸಿನವರು, ಕನ್ನಡಕವನ್ನು ನೆತ್ತಿಯ ಮೇಲೆ ಏರಿಸಿಕೊಂಡಿದ್ದರು. ಮೂರು ಬಗೆಯ ಡಬ್ಬಿಗಳನ್ನು ತಂದು ನೆಲದ ಮೇಲಿಟ್ಟರು. ಒಂದು, ಕಾಲಲ್ಲಿ ಒತ್ತಿದರೆ ಬಾಯಿ ತೆರೆಯುವಂಥದ್ದು. ಇನ್ನೊಂದರ ಒಳಗೆ ಉದ್ದನೆಯ ಪ್ಲಾಸ್ಟಿಕ್ ಚೀಲವಿತ್ತು. ಡೈಪರ್ ತುರುಕಿ ಮೇಲಿನ ಬಳೆಯನ್ನು ತಿರುಗಿಸಿದರೆ ಒಳಗೊಳಗೇ ಗಂಟು ಬೀಳುತ್ತದೆ, ಹಾರ ಕಟ್ಟಿದ ಹಾಗೆ ಒಂದರ ಹಿಂದೆ ಒಂದು. ಮೂರನೆಯದು ಸ್ಟೀಲಿನದು, ಮುಚ್ಚಳದ ಸುತ್ತ ರಬ್ಬರ್ ವಾಷರ್, ಎರಡು ಕಡೆ ಕ್ಲಿಪ್ಪು.

ಭಾವ ಮೂರಕ್ಕೂ ಕಿವಿಗೊಟ್ಟು, ಬೆರಳಲ್ಲಿ ತಟ್ಟಿ, ಮುಚ್ಚಳದ ಅಂಚಿಗೆ ಕೆನ್ನೆ ಇಟ್ಟು ಗಾಳಿ ಬರುತ್ತದೆಯೇ ನೋಡಿದರು. ಆಮೇಲೆ ಕೇಳಿದರು, "ಒಂದು ತೊಟ್ಟಿ ನೀರು ಸಿಗುತ್ತಾ?"

"ಕುಡಿಯೋಕಾ?"

"ಅಲ್ಲ, ಇವನ್ನ ಮುಳುಗಿಸಿ ನೋಡಬೇಕು."

ಅಂಗಡಿಯಮ್ಮ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿದರು. "ಸಾರ್, ಇದ್ರಲ್ಲಿ ಪಾಪು ಕಕ್ಕ ಹಾಕ್ತೀರೋ, ಬಾಂಬ್ ಹಾಕ್ತೀರೋ?"

ಆ ಕಡೆ ಬಟ್ಟೆ ಆರಿಸುತ್ತಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ನಾನು ಬೆವೆತುಹೋದೆ. ಭಾವನೂ ನಕ್ಕು, "ಡ್ರಮ್ ಟೆಸ್ಟ್ ಮಾಡೋನು ನಾನು. ನನ್ನ ಮಗಳ ಡಬ್ಬೀನೇ ಸೋರಿದ್ರೆ ನಾಳೆ ಫ್ಯಾಕ್ಟರೀಲಿ ಮುಖ ಹೇಗೆ ತೋರಿಸ್ಲಿ ಹೇಳಿ," ಅಂದರು.

"ಅದೂ ಸರಿ ಅನ್ನಿ. ಪಾಪು ದಿನಕ್ಕೆ ಎಷ್ಟು ಸಲ ಹೋಗುತ್ತೆ? ಅದರ ಮೇಲೆ ಸೈಜು ಹೇಳ್ತೀನಿ."

ಭಾವ ಕ್ಲಿಪ್ಪನ್ನು ಒಮ್ಮೆ ತೆಗೆದು ಒಮ್ಮೆ ಹಾಕಿದರು.

"ಇನ್ನೂ ಹೋಗಿಲ್ಲ," ಎಂದರು. "ಆಪರೇಷನ್ ಆಗಿದೆ. ಹೋಗ್ಲಿ ಅಂತ ಕಾಯ್ತಾ ಇದ್ದೀವಿ."

ಅಂಗಡಿಯಮ್ಮ ಅಯ್ಯೋ ಪಾಪ ಎನ್ನಲಿಲ್ಲ, ದೇವರಿದ್ದಾನೆ ಎನ್ನಲೂ ಇಲ್ಲ. ಒಳಗೆ ಹೋಗಿ, ಮಗುವಿಗೆ ಸ್ನಾನ ಮಾಡಿಸುವ ಮಾರಾಟದ ಟಬ್ಬುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೆಗೆದು, ಅದರ ಲೇಬಲ್ಲನ್ನು ಕಿತ್ತು, ಹಿಂದಿನ ನಲ್ಲಿಯಿಂದ ನೀರು ತುಂಬಿಸಿದರು. ನಕ್ಕಿದ್ದ ಹೆಂಗಸರಲ್ಲಿ ಒಬ್ಬರು ಟಬ್ಬಿನ ಇನ್ನೊಂದು ತುದಿ ಹಿಡಿದು ಹೊರತಂದರು.

ಭಾವ ತೋಳು ಮಡಚಿ ಕುಕ್ಕರಗಾಲಲ್ಲಿ ಕುಳಿತರು. ಪೆಡಲಿನ ಡಬ್ಬಿಯನ್ನು ಬೋರಲು ಮಾಡಿ ಅದುಮಿದ ಕೂಡಲೇ ಸಂದಿಯಿಂದ ಗುಳ್ಳೆಗಳ ಸಾಲೇ ಎದ್ದಿತು. "ಫೇಲು," ಎಂದರು. ಬಳೆಯದು ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಒಂದು ಗುಳ್ಳೆ, ಬಹಳ ನಾಚಿಕೊಂಡು ಮೇಲೆ ಬಂತು. "ಫೇಲು." ಸ್ಟೀಲಿನದನ್ನು ಮುಳುಗಿಸಿ, ಇಡೀ ಮೈಭಾರ ಬಿಟ್ಟು ಹಿಡಿದರು. ನಾವು ಐದು ಜನ ಟಬ್ಬಿನ ಸುತ್ತ ಬಾಗಿ ಕಾದೆವು. ನೀರು ಕನ್ನಡಿಯ ಹಾಗೆ ನಿಂತಿತ್ತು.

"ಪಾಸು!" ಎಂದರು ಆ ಹೆಂಗಸರು, ಭಾವನಿಗಿಂತ ಮೊದಲು.

ಭಾವ ಅದನ್ನು ಒರೆಸಿ, ಎರಡು ಕೈಯ ಹೆಬ್ಬೆರಳುಗಳಿಂದ ಎರಡು ಕಡೆಯ ಕ್ಲಿಪ್ಪುಗಳನ್ನು ಒಟ್ಟಿಗೆ ಒತ್ತಿದರು. ಟಪ್ಪೆಂದು ತೆರೆಯಿತು. ಒಂದನ್ನೇ ಒತ್ತಿದರೆ ತೆರೆಯುತ್ತಿರಲಿಲ್ಲ. ಅಂಗಡಿಯಮ್ಮ ಅವರ ಎರಡು ಕೈಗಳನ್ನು ನೋಡಿ ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ಅದು ನನ್ನ ಕಣ್ಣಿಗೆ ಬಿತ್ತು. ಏಕೆಂದು ತಿಳಿಯಲಿಲ್ಲ, ಕೇಳಲು ಬಾಯಿಯೂ ಬರಲಿಲ್ಲ.

ಅಕ್ಕನಿಗೆ ವಿಷಯ ಗೊತ್ತಾಗದೆ ಇರಲಿಲ್ಲ. ಭಾವನ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಅವಳು ಕಾರಿಡಾರಿಗೆ ಬಂದು ಒಂದೇ ಪ್ರಶ್ನೆ ಕೇಳಿದಳು, ಇವರು ಎಲ್ಲವನ್ನೂ ಕಕ್ಕಿಬಿಟ್ಟರು.

"ನನ್ನ ಮಗು ಒಂದು ಸಾಸಿವೆಕಾಳಷ್ಟು ಹೊರಗೆ ಹಾಕಿಲ್ಲ. ನೀವು ಅದಕ್ಕೆ ಡಬ್ಬಿ ತಂದ್ರಾ?"

"ಹಾಕ್ತಾಳೆ ಕಣೇ."

"ನಿಮಗೆ ಹೇಳಿದ್ಲಾ?"

"ನೀರಲ್ಲಿ ಹಾಕಿ ನೋಡಿದೆ, ಒಂದು ಗುಳ್ಳೆ ಕೂಡ..."

"ರೀ, ದಯವಿಟ್ಟು ಸುಮ್ಮನಿರಿ." ಅವಳ ದನಿ ಏರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ಅವಳು ಬರದೇ ಹೋದ್ರೆ ಆ ಡಬ್ಬೀನ ನಾನು ಏನು ಮಾಡ್ಲಿ? ಅಕ್ಕಿ ಹಾಕಿಡ್ಲಾ? ಮನೇಲಿ ಅದು ನನ್ನ ಕಣ್ಣಿಗೆ ಬೀಳಬಾರದು."

ಒಳಗೆ ಹೋದಳು. ಭಾವ ಬೆಂಚಿನ ಮೇಲೆ ಕುಳಿತು ಒದ್ದೆ ತೋಳನ್ನು ಹಿಂಡಿದರು. ಹಿಂಡಲು ನೀರೇನೂ ಇರಲಿಲ್ಲ.

ಆ ವಾರ್ಡಿನ ದೊಡ್ಡ ನರ್ಸನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ದಪ್ಪ ಹೆಂಗಸು, ಆದರೆ ನಡೆದರೆ ಸದ್ದಿಲ್ಲ. ಅವರು ಪೆಟ್ಟಿಗೆಯ ತೂತುಗಳಲ್ಲಿ ಎರಡೂ ಕೈ ತೂರಿಸಿ, ಪಾಪುವಿನ ಎರಡು ಪಾದಗಳನ್ನು ಎರಡು ಬೆರಳ ನಡುವೆ ಹಿಡಿದು ಎತ್ತಿ, ಡೈಪರನ್ನು ಬಿಡಿಸುತ್ತಿದ್ದ ರೀತಿಯನ್ನು ನಾನು ಎಷ್ಟು ನೋಡಿದರೂ ಸಾಲುತ್ತಿರಲಿಲ್ಲ. ಒಡೆಯುವಂಥ ಉಡುಗೊರೆ ಬಿಚ್ಚುವವರ ಹಾಗೆ. ಬಿಚ್ಚಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಪುಟ್ಟ ತಕ್ಕಡಿಯ ಮೇಲೆ ಇಡುತ್ತಿದ್ದರು. ಉಚ್ಚೆಯ ತೂಕ ನೋಡಲಿಕ್ಕೆ. ತೂಕ ಆಗುವವರೆಗೆ ಯಾವ ಡೈಪರನ್ನೂ ಎಸೆಯುವ ಹಾಗಿಲ್ಲ.

"ಮೇಡಂ ಇವತ್ತೂ ರಜಾ," ಎನ್ನುತ್ತಿದ್ದರು ಪ್ರತಿ ಸಲವೂ, ಪಾಪುವಿಗೆ. "ಆಯ್ತು ಮೇಡಂ. ನಿಮಗೆ ಯಾವಾಗ ಅನುಕೂಲವೋ ಆವಾಗ."

ಪಾಪು ಏನೂ ಇಲ್ಲದ ಗಾಳಿಯನ್ನು ಚೀಪುತ್ತಿದ್ದಳು. ಹಾಲನ್ನೇ ಕಾಣದ ಆ ಬಾಯಿಗೆ ಚೀಪುವುದನ್ನು ಯಾರು ಹೇಳಿಕೊಟ್ಟರೋ. ಮೂಗಿನಲ್ಲಿದ್ದ ನಳಿಕೆಯಿಂದ ಹಸಿರು ನೀರು ಇಳಿದು ಚೀಲ ಸೇರುತ್ತಿತ್ತು. ಹೊಟ್ಟೆಯಲ್ಲಿ ದಾರಿ ಸಿಗದೆ ಹಿಂದಿರುಗುವ ರಸವಂತೆ ಅದು. ಬರಬರುತ್ತ ಆ ಹಸಿರು ತಿಳಿಯಾಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಬಟ್ಟೆಯ ಥಾನುಗಳಲ್ಲಿ ಒಂದೇ ಬಣ್ಣದ ಹತ್ತು ಛಾಯೆ ಗುರುತಿಸುವ ಕಣ್ಣು ನನ್ನದು. ಆದರೂ ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದು ಸುಳ್ಳಾದರೆ?

ಸಿಸ್ಟರಿಗೆ ಹೇಳಿದೆ. ಅಷ್ಟು ಹೇಳಲು ಇಡೀ ಬೆಳಗಿನ ಧೈರ್ಯ ಬೇಕಾಯಿತು.

ಅವರು ಚೀಲ ಎತ್ತಿ ನೋಡಿದರು. ಸ್ಟೆತಸ್ಕೋಪನ್ನು ಪಾಪುವಿನ ಹೊಟ್ಟೆಯ ಮೇಲಿಟ್ಟರು. ಅದರ ತಟ್ಟೆ ಆ ಹೊಟ್ಟೆಯ ಅರ್ಧವನ್ನು ಮುಚ್ಚಿತು. ಬಹಳ ಹೊತ್ತು ಕೇಳಿ, ಕಿವಿಯಿಂದ ಅದನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ದೂರದಲ್ಲಿ ಎಲ್ಲೋ, ನಲ್ಲಿಯಲ್ಲಿ ನೀರು ಬರುವ ಮೊದಲು ಪೈಪಿನಲ್ಲಿ ಗಾಳಿ ಹೊರಳುತ್ತದಲ್ಲ, ಅಂಥ ಸದ್ದು. ಗುಳ್. ಸುಮ್ಮನಾಯಿತು. ಮತ್ತೆ ಗುಳ್ ಗುಳ್. ನನ್ನ ಮೈಯ ಕೂದಲು ನೆಟ್ಟಗಾಯಿತು. ಆ ಸದ್ದು ಎಲ್ಲರ ಹೊಟ್ಟೆಯಲ್ಲೂ ಇದೆ, ನನ್ನದರಲ್ಲೂ ಇದೆ, ಇಷ್ಟು ವರ್ಷ ಅದನ್ನು ಹೊತ್ತುಕೊಂಡೇ ಓಡಾಡಿದ್ದೇನೆ. ಒಮ್ಮೆಯೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಅಕ್ಕನೂ ಕೇಳಿದಳು. ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದಳು. ಸಿಸ್ಟರ್ ಕಿಟಕಿಯ ಕಡೆ ಕೈ ಬೀಸಿ ಭಾವನನ್ನೂ ಒಳಗೆ ಕರೆದರು.

"ಇಬ್ಬರಿಗೇ ಅಲ್ವಾ ಸಿಸ್ಟರ್?" ಎಂದರು ಭಾವ ಬಾಗಿಲಲ್ಲೇ ನಿಂತು.

"ನನಗೆ ಇವತ್ತು ಎಣಿಸೋಕೆ ಬರಲ್ಲ. ಕೈ ತೊಳ್ಕೊಂಡು ಬನ್ನಿ."

ಭಾವ ಕಿವಿಗೆ ಹಾಕಿಕೊಂಡು ಬಾಗಿದರು. ಕಾರ್ಖಾನೆಯಲ್ಲಿ ತೊಟ್ಟಿಯ ಮೇಲೆ ಬಾಗುವುದೂ ಹೀಗೆಯೇ ಇರಬೇಕು. ಅವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ಸಿಸ್ಟರ್, ಗುಳ್ಳೆ! ಗುಳ್ಳೆ ಏಳ್ತಾ ಇದೆ!"

"ಏಳಲಿ ಬಿಡಿ ಸಾರ್, ಅದೇ ಬೇಕಾಗಿರೋದು."

"ಸೋರ್ತಾ ಇಲ್ಲ ತಾನೇ?"

"ಕರುಳು ನಡೀತಾ ಇದೆ. ನಿಮ್ಮ ಫ್ಯಾಕ್ಟರೀಲಿ ಗುಳ್ಳೆ ಬಂದ್ರೆ ಫೇಲು. ಇಲ್ಲಿ ಗುಳ್ಳೆ ಬಂದ್ರೆ ಪಾಸ್ ಆಗೋ ಲಕ್ಷಣ. ಪೂರ್ತಿ ಪಾಸಲ್ಲ, ಸ್ವಲ್ಪ ತಾಳಿ."

ಡಾಕ್ಟರು ಬಂದು, ತಾವೂ ಕೇಳಿ, ಪಾಪುವನ್ನು ತಾಯಿಯ ಎದೆಯ ಮೇಲೆ ಸ್ವಲ್ಪ ಹೊತ್ತು ಮಲಗಿಸಬಹುದು ಎಂದರು. ತಾಯಿಯ ಮೈಶಾಖಕ್ಕೆ ಹೊಟ್ಟೆಯೂ ಇನ್ನಷ್ಟು ಸಡಿಲವಾದೀತು. ಸಿಸ್ಟರ್ ನಳಿಕೆ, ತಂತಿಗಳನ್ನೆಲ್ಲ ಒಂದು ಕಡೆಗೆ ಒತ್ತರಿಸಿ ಹಿಡಿದು, ಅವಳನ್ನು ಎತ್ತಿ, ಕುರ್ಚಿಯಲ್ಲಿ ಒರಗಿದ್ದ ಅಕ್ಕನ ಎದೆಯ ಮೇಲೆ ಇಟ್ಟರು. ಹುಟ್ಟಿದ ಮೇಲೆ ಅಕ್ಕ ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು. ಅವಳ ಕೈಗಳು ಮೊದಲು ಗಾಳಿಯಲ್ಲೇ ನಿಂತವು, ಎಲ್ಲಿ ಮುಟ್ಟಿದರೆ ಏನಾಗುವುದೋ ಎಂಬಂತೆ. ಆಮೇಲೆ ಒಂದು ಕೈ ಬೆನ್ನಿಗೆ, ಒಂದು ತಲೆಗೆ, ತಾವಾಗಿಯೇ ಹೋಗಿ ಕೂತವು.

ಭಾವ ಉಸಿರಾಡುತ್ತಿದ್ದರೋ ಇಲ್ಲವೋ. ಪಾಪು ಅಕ್ಕನ ಕುತ್ತಿಗೆಯ ಹಳ್ಳದಲ್ಲಿ ಮೂಗು ಇಟ್ಟು ಗಾಳಿ ಚೀಪಿದಳು. ಅವಳ ಮುಖ ಕೆಂಪಾಯಿತು, ಹುಬ್ಬು ಗಂಟಾಯಿತು. ಮುದುಕರು ಮೆಟ್ಟಿಲು ಹತ್ತುವಾಗ ಮಾಡುವಂಥ ಒಂದು ಸದ್ದು ಮಾಡಿದಳು.

ಅಕ್ಕ ಸೆಟೆದು ಕೂತಳು. "ಸಿಸ್ಟರ್, ಇಲ್ಲಿ ಏನೋ ಬಿಸಿ."

ಸಿಸ್ಟರ್ ಓಡಲಿಲ್ಲ, ಆದರೆ ಹೇಗೋ ಅಲ್ಲಿದ್ದರು. ಅಕ್ಕನ ಮಡಿಲಲ್ಲೇ ಬಟ್ಟೆ ಹಾಸಿ ಡೈಪರ್ ಬಿಡಿಸಿದರು. ನಾವೆಲ್ಲ ಬಾಗಿದೆವು. ಬಿಳಿಯ ನಡುವೆ, ನನ್ನ ಕಿರುಬೆರಳ ಉಗುರಿನಷ್ಟು, ಕಪ್ಪೂ ಅಲ್ಲದ ಹಸಿರೂ ಅಲ್ಲದ ಒಂದು ಕಲೆ, ಅಂಚಿನಲ್ಲಿ ಸಾಸಿವೆಯ ಹಳದಿ. ಅಷ್ಟೇ. ಹೊಲಿದ ದಾರಿಯಲ್ಲಿ ಹಾದು, ಎಲ್ಲೂ ಸೋರದೆ, ಎಲ್ಲೂ ನಿಲ್ಲದೆ ಬಂದದ್ದು. ಅದರಿಂದ ಸ್ವಲ್ಪ ಆವಿಯೂ ಏಳುತ್ತಿತ್ತೇನೋ, ಅಥವಾ ನನ್ನ ಕಣ್ಣಿನ ನೀರೋ. ಅಂಥ ಬಣ್ಣವನ್ನು ನಾನು ಯಾವ ಥಾನಿನಲ್ಲೂ ನೋಡಿಲ್ಲ.

"ಮೇಡಂ ಡ್ಯೂಟಿಗೆ ಬಂದ್ರು," ಎಂದರು ಸಿಸ್ಟರ್. ದನಿ ಎಂದಿನಂತಿರಲಿಲ್ಲ.

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ನಗಲು ಶುರುಮಾಡಿದಳು, ಹೊಟ್ಟೆ ಕುಲುಕದ ಹಾಗೆ, ಪಾಪು ಅಲುಗದ ಹಾಗೆ ಬರೀ ಗಂಟಲಲ್ಲಿ. ಸಿಸ್ಟರ್ ಆ ಡೈಪರನ್ನು ಮಡಚಿ ಭಾವನಿಗೆ ಕೊಟ್ಟರು, ತಕ್ಕಡಿ ತರುವವರೆಗೆ ಹಿಡಿದಿರಿ ಎಂದು. ಭಾವ ಅದನ್ನು ಎರಡು ಅಂಗೈಯ ಮೇಲೆ ಇಟ್ಟುಕೊಂಡು ನಿಂತರು. ದಿನವೂ ಆಳೆತ್ತರದ ಡ್ರಮ್ಮುಗಳನ್ನು ನೀರಿನಲ್ಲಿ ಅದುಮುವ ಕೈಗಳು ಅವು.

"ಇದನ್ನ ತೂಕ ಆದ್ಮೇಲೆ ಎಸೀಬೇಕಾ?" ಎಂದು ಕೇಳಿದರು, ಪೆಚ್ಚಾಗಿ.

"ಇಲ್ಲ ಸಾರ್, ಫ್ರೇಮ್ ಹಾಕ್ಸಿ," ಎಂದರು ಸಿಸ್ಟರ್.

ಅಕ್ಕ ಪಾಪುವಿನ ನೆತ್ತಿಗೆ ಗಲ್ಲ ಇಟ್ಟು, ಕಣ್ಣೆತ್ತದೆ ಕೇಳಿದಳು, "ರೀ, ಆ ಡಬ್ಬಿ ಹೇಗಿದೆ?"

ಭಾವ ನನ್ನನ್ನು ನೋಡಿದರು, ನಾನು ಕೇಳಿಸಿಕೊಂಡೆನೋ ಇಲ್ಲವೋ ಎಂದು. ಆಮೇಲೆ ಒಂದೇ ಉಸಿರಿಗೆ ಶುರುಮಾಡಿದರು. "ಸ್ಟೀಲಿಂದು ಕಣೇ. ಸುತ್ತ ವಾಷರ್ ಇದೆ. ಇಡೀ ಮನೇಲಿ ಒಂಚೂರು ವಾಸನೆ ಬರಲ್ಲ. ತುಂಬಾ ಸುಲಭ. ಈ ಕಡೆ ಒಂದು ಕ್ಲಿಪ್ಪು, ಆ ಕಡೆ ಒಂದು. ಎರಡೂ ಕೈಲಿ ಒಟ್ಟಿಗೆ ಹೀಗೆ ಒತ್ತಿದ್ರೆ..."

ಒತ್ತಿ ತೋರಿಸಲು ಅವರಿಗೆ ಕೈ ಬಿಡುವಿರಲಿಲ್ಲ. ಅಲ್ಲಿಗೇ ನಿಂತರು. ಅಕ್ಕನ ಕೈಗಳನ್ನು ನೋಡಿದರು. ಒಂದು ಬೆನ್ನಿನಲ್ಲಿ, ಒಂದು ತಲೆಯಲ್ಲಿ.

"ಎರಡು ಕೈ ಎಲ್ಲಿಂದ ತರ್ಲಿ?" ಎಂದಳು ಅಕ್ಕ. "ಇವಳನ್ನ ಎಲ್ಲಿ ಇಡ್ಲಿ, ತಲೆ ಮೇಲಾ?"

ಅಂಗಡಿಯಮ್ಮ ನುಂಗಿಕೊಂಡ ಮಾತು ಯಾವುದೆಂದು ನನಗೆ ಆಗ ತಿಳಿಯಿತು. ಆವರೆಗೆ ನಮ್ಮಲ್ಲಿ ಯಾರೂ ಒಮ್ಮೆಯೂ ಪಾಪುವನ್ನು ಎತ್ತಿಕೊಂಡಿರಲಿಲ್ಲ. ಮಗು ಎಂದರೆ ಗಾಜಿನೊಳಗೆ ಮಲಗಿರುವುದು, ನಾವು ಎರಡು ಖಾಲಿ ಕೈ ಜೋತುಬಿಟ್ಟು ಹೊರಗೆ ನಿಂತಿರುವುದು ಎಂದೇ ನಮ್ಮ ಲೆಕ್ಕವಾಗಿತ್ತು.

"ಪೆಡಲ್ ಇರೋದು ಒಂದಿತ್ತು," ಎಂದೆ ನಾನು. "ಕಾಲಲ್ಲಿ ಒತ್ತಿದ್ರೆ ಸಾಕು."

"ಅದು ಸೋರುತ್ತೆ ಗುಬ್ಬಿ! ಸಂದೀಲಿ ಸಾಲುಸಾಲು ಗುಳ್ಳೆ! ವಾಸನೆ ಬರುತ್ತೆ."

"ಬರ್ಲಿ," ಎಂದಳು ಅಕ್ಕ. "ದಿನಾ ಬರ್ಲಿ. ಬೆಳಿಗ್ಗೆ ಏಳುವಾಗಲೇ ನನ್ನ ಮೂಗಿಗೆ ಬಡೀಲಿ. ನಾಳೆ ಹೋಗಿ ಬದಲಾಯಿಸ್ಕೊಂಡು ಬನ್ನಿ ಇಬ್ರೂ."

ಭಾವ ಹೂಂ ಎಂದರು. ಡೈಪರನ್ನು ಹಿಡಿದುಕೊಂಡೇ ಮುಖವನ್ನು ತೋಳಿನಿಂದ ಒರೆಸಿಕೊಂಡರು.

ಸಂಜೆ ಡಾಕ್ಟರು ಬಂದು, ನಾಳೆಯಿಂದ ಹನಿ ಹನಿಯಾಗಿ ಹಾಲು ಎಂದರು. ಅಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಿಸ್ಟರ್ ಅವಳನ್ನು ಗದರಿಸಿ ಎಬ್ಬಿಸಿ, "ಚಿಕ್ಕಮ್ಮ ಕೂತ್ಕೊಳ್ಳಲಿ ಸ್ವಲ್ಪ ಹೊತ್ತು," ಎಂದು ನನ್ನನ್ನು ಆ ಕುರ್ಚಿಗೆ ಒರಗಿಸಿದರು. ಬೇಡ ಎನ್ನುವಷ್ಟರಲ್ಲಿ ಪಾಪು ನನ್ನ ಎದೆಯ ಮೇಲಿದ್ದಳು.

ಒಂದು ದಿಂಬಿನ ಕವರಿನಷ್ಟೂ ಭಾರವಿರಲಿಲ್ಲ. ಆದರೂ ನಾನು ಕುರ್ಚಿಯೊಳಗೆ, ಕುರ್ಚಿ ನೆಲದೊಳಗೆ ಇಳಿಯುತ್ತಿರುವ ಹಾಗೆ ಅನ್ನಿಸಿತು. ಅವಳ ಹೊಟ್ಟೆ ನನ್ನ ಹೊಟ್ಟೆಗೆ ತಾಗಿತ್ತು. ಒಳಗೆ ಏನೋ ಹೊರಳಿತು, ಅವಳದೋ ನನ್ನದೋ ಗೊತ್ತಾಗಲಿಲ್ಲ. ಅವಳ ಬೆನ್ನು ನನ್ನ ಒಂದು ಅಂಗೈ ಕೆಳಗೆ, ತಲೆ ಇನ್ನೊಂದರ ಕೆಳಗೆ, ಮೂಗಿನ ಹತ್ತಿರ ಅವಳ ಕೂದಲು. ನನ್ನ ಮೂಗು ತುರಿಸತೊಡಗಿತು. ತುರಿಸಿಕೊಳ್ಳಲು ಕೈ ಇರಲಿಲ್ಲ. ಹಾಗೆಯೇ ಕುಳಿತೆ.